ಹ್ಯಾರಿಯೆಟ್ ಜೇಕಬ್ಸ್: ಅಟ್ಟದೊಳಗಿನ ಏಳು ವರ್ಷ

ನಮ್ಮ ಮುಂಬೈ ಫ್ಲಾಟುಗಳಲ್ಲಿ ಹಳೆಯ ಸೂಟ್‌ಕೇಸು, ಹಬ್ಬದ ಸಾಮಾನು ತುರುಕಿಡುವ ಲಾಫ್ಟ್ ಇರುತ್ತದಲ್ಲ, ಸುಮಾರು ಅಂಥದ್ದೇ ಜಾಗದಲ್ಲಿ ಹ್ಯಾರಿಯೆಟ್ ಜೇಕಬ್ಸ್ ಏಳು ವರ್ಷದಷ್ಟು ಕಾಲ ಕಳೆದಳು. 9 ಅಡಿ ಉದ್ದ, 7 ಅಡಿ ಅಗಲ. ಎತ್ತರ ಹೆಚ್ಚೆಂದರೆ 3 ಅಡಿ.

1813ರಲ್ಲಿ ಅಮೆರಿಕದ ಉತ್ತರ ಕೆರೊಲಿನಾದ ಈಡೆಂಟನ್ನಿನಲ್ಲಿ ಆಕೆ ಹುಟ್ಟಿದ್ದೇ ಗುಲಾಮಳಾಗಿ. ಒಡತಿ ಓದು, ಹೊಲಿಗೆ ಕಲಿಸಿದಳು. ಆದರೆ ಸಾಯುವಾಗ ಬಿಡುಗಡೆ ಮಾಡದೆ, ಸಹೋದರಿಯ 3 ವರ್ಷದ ಮಗಳ ಹೆಸರಿಗೆ ಬರೆದಿಟ್ಟಳು. ಆ ಮಗುವಿನ ತಂದೆ ಡಾಕ್ಟರ್ ಜೇಮ್ಸ್ ನಾರ್ಕಮ್. ಹ್ಯಾರಿಯೆಟ್ ಹದಿಹರೆಯಕ್ಕೆ ಕಾಲಿಡುತ್ತಲೇ ಅವನ ಲೈಂಗಿಕ ಕಾಟ ಶುರುವಾಯಿತು. ಮೆಚ್ಚಿದವನನ್ನು ಮದುವೆಯಾಗಲೂ ಬಿಡಲಿಲ್ಲ. ಗುಲಾಮಳಿಗೆ ದೂರು ಕೊಡುವ ಹಕ್ಕೇ ಇರಲಿಲ್ಲ. ಅವನಿಂದ ಪಾರಾಗಲು ಸ್ಯಾಮ್ಯುಯೆಲ್ ಸಾಯರ್ ಎಂಬ ಬಿಳಿಯ ವಕೀಲನ ಸಂಬಂಧ ಬೆಳೆಸಿದಳು, ಇಬ್ಬರು ಮಕ್ಕಳಾದರು. ಇದನ್ನು ಆಯ್ಕೆ ಅನ್ನಬಹುದೇ? ನನಗಂತೂ ಹಾಗೆ ಅನ್ನಿಸುವುದಿಲ್ಲ.

1835ರಲ್ಲಿ ತಪ್ಪಿಸಿಕೊಂಡು, ಕೊನೆಗೆ ಅಜ್ಜಿಯ ಮನೆಯ ಆ ಅಟ್ಟ ಸೇರಿದಳು. ಗೋಡೆಯಲ್ಲಿ ಕೊರೆದ ತೂತಿನಿಂದ ಮಕ್ಕಳು ಆಡುವುದನ್ನು ನೋಡುತ್ತಿದ್ದಳು, ಕೂಗಿ ಕರೆಯುವಂತಿರಲಿಲ್ಲ. ನ್ಯೂಯಾರ್ಕಿನಿಂದ ಬಂದಂತೆ ಕಾಣುವ ಪತ್ರಗಳನ್ನು ಬರೆದು ನಾರ್ಕಮ್‌ಗೆ ತಲುಪಿಸಿದಳು. ನಮ್ಮ ಐಟಿ ಭಾಷೆಯಲ್ಲಿ ಹೇಳುವುದಾದರೆ ಲೊಕೇಶನ್ನೇ ಬದಲಿಸಿಬಿಟ್ಟಳು! 1842ರಲ್ಲಿ ಹಡಗು ಹತ್ತಿ ಉತ್ತರಕ್ಕೆ ಪಾರಾದಳು.

ನ್ಯೂಯಾರ್ಕಿನಲ್ಲಿ ವಿಲ್ಲಿಸ್ ಎಂಬವರ ಮನೆಯಲ್ಲಿ ಮಕ್ಕಳನ್ನು ನೋಡಿಕೊಳ್ಳುವ ಕೆಲಸ. 1852ರಲ್ಲಿ ಮನೆಯೊಡತಿ ಕಾರ್ನೀಲಿಯಾ 300 ಡಾಲರ್ ತೆತ್ತು ಅವಳನ್ನು ಬಿಡಿಸಿದಳು. ಕೃತಜ್ಞತೆ ಇತ್ತು, ನೋವೂ ಇತ್ತು: ತನ್ನದೇ ಆದ ಸ್ವಾತಂತ್ರ್ಯವನ್ನು ದುಡ್ಡು ಕೊಟ್ಟು ಕೊಳ್ಳಬೇಕಾಯಿತಲ್ಲ!

ಮಕ್ಕಳ ತಂದೆ ಯಾರೆಂಬುದನ್ನು ಆಕೆ ಕಾರ್ನೀಲಿಯಾಳಿಗೆ ಹೇಳಿರಲಿಲ್ಲ. ತನ್ನ ಕಥೆ ಬರೆಯಲು ಪ್ರಸಿದ್ಧ ಲೇಖಕಿ ಹ್ಯಾರಿಯೆಟ್ ಬೀಚರ್ ಸ್ಟೋವ್ ನೆರವಾಗಬಹುದೆಂದು ಸ್ನೇಹಿತೆಯ ಮೂಲಕ ಕೇಳಿಸಿದಳು. ಸ್ಟೋವ್ ಆ ವಿವರಗಳನ್ನೇ ಕಾರ್ನೀಲಿಯಾಳಿಗೆ ಕಳಿಸಿ ನಿಜವೋ ಸುಳ್ಳೋ ಎಂದು ವಿಚಾರಿಸಿದಳು. ಕಥೆಯನ್ನು ತನ್ನ ಪುಸ್ತಕಕ್ಕೆ ಬಳಸಿಕೊಳ್ಳುವುದಾಗಿಯೂ ಹೇಳಿದಳು. ಯಾವುದನ್ನು ಹೇಳಲು ವರ್ಷಗಟ್ಟಲೆ ನಾಚಿದ್ದಳೋ ಅದು ಹೀಗೆ ಬಯಲಾಯಿತು. ಹ್ಯಾರಿಯೆಟ್ ಒಪ್ಪಲಿಲ್ಲ. ತಾನೇ ಬರೆಯಲು ಕುಳಿತಳು, ರಾತ್ರಿ ಮನೆಯ ಮಕ್ಕಳು ಮಲಗಿದ ಮೇಲೆ, ಯಜಮಾನನಿಗೆ ಗೊತ್ತಾಗದಂತೆ. ಸಾಯರ್‌ನ ವಿಷಯವನ್ನೂ ಬಿಡಲಿಲ್ಲ.

1861ರಲ್ಲಿ ಪುಸ್ತಕ ಲಿಂಡಾ ಬ್ರೆಂಟ್ ಎಂಬ ಪಾತ್ರದ ಹೆಸರಿನಲ್ಲಿ ಪ್ರಕಟವಾಯಿತು. ಅಂತರ್ಯುದ್ಧದ ವೇಳೆ ವರ್ಜೀನಿಯಾದ ಅಲೆಕ್ಸಾಂಡ್ರಿಯಾದಲ್ಲಿ ಗುಲಾಮಗಿರಿಯಿಂದ ಬಿಡಿಸಿಕೊಂಡು ಬಂದವರ ನಡುವೆ ದುಡಿದಳು. 1864ರಲ್ಲಿ ಅಲ್ಲಿ ಮಗಳು ಲೂಯಿಸಾಳೊಂದಿಗೆ ಶಾಲೆ ತೆರೆದಳು. 1897ರಲ್ಲಿ ವಾಷಿಂಗ್ಟನ್ನಿನಲ್ಲಿ ತೀರಿಕೊಂಡಳು.

ಆಮೇಲೆ ಪುಸ್ತಕವನ್ನು ಬಹುಕಾಲ ಪಂಡಿತರು ಕಾದಂಬರಿ ಎಂದೇ ಎಣಿಸಿದರು. ಬರೆದವಳು ಅದರ ಸಂಪಾದಕಿಯಾಗಿದ್ದ ಬಿಳಿಯ ಲೇಖಕಿ ಇರಬೇಕು ಎಂದರು. ಜೀನ್ ಫೇಗನ್ ಯೆಲಿನ್ ಎಂಬ ವಿದ್ವಾಂಸೆ ಹಳೆಯ ಪತ್ರಗಳನ್ನು ಹುಡುಕಿ, ಘಟನೆಗಳನ್ನು ದಾಖಲೆಗಳೊಂದಿಗೆ ತಾಳೆ ನೋಡಿದರು. 1987ರಲ್ಲಿ ಅವರು ಸಂಪಾದಿಸಿದ ಆವೃತ್ತಿ ಹ್ಯಾರಿಯೆಟ್ ಜೇಕಬ್ಸ್ ಎಂಬ ಹೆಸರಿನಲ್ಲೇ ಹೊರಬಂತು.