ಬೆಳಕಿನ ಚಿತ್ರಕಾರ ಕ್ಲೋಡ್ ಮೋನೆ

ಹತ್ತೊಂಬತ್ತನೆಯ ಶತಮಾನದ ನಡುಗಾಲದಲ್ಲಿ ಫ್ರಾನ್ಸಿನ ಚಿತ್ರಕಾರರ ಅಳಿವು ಉಳಿವು ಪ್ಯಾರಿಸ್ಸಿನ ‘ಸಲೋನ್’ ಎಂಬ ಅಧಿಕೃತ ಪ್ರದರ್ಶನವನ್ನು ಅವಲಂಬಿಸಿತ್ತು. ಅಲ್ಲಿನ ತೀರ್ಪುಗಾರರು ತಳ್ಳಿದ ಚಿತ್ರವನ್ನು ಕೊಳ್ಳುವವರು ವಿರಳ. ಪುರಾಣದ ದೇವತೆಗಳು, ಇತಿಹಾಸದ ವೀರರು, ಕುಂಚದ ಗುರುತೂ ಕಾಣದ ನಯವಾದ ಮೈ, ಇವು ಅವರು ಮೆಚ್ಚಿದ ಶಾಸ್ತ್ರೀಯ ಮಾರ್ಗದ ಲಕ್ಷಣಗಳು. ಕೂರ್ಬೆ ಎಂಬಾತನು ಕಲ್ಲು ಒಡೆಯುವ ಕೂಲಿಗಳನ್ನು ಚಿತ್ರಿಸಿ ವಾಸ್ತವ ಮಾರ್ಗವನ್ನು ತೆರೆದಿದ್ದನು. ಅದಕ್ಕೂ ಮುಂದೆ ಹೋಗಿ, ವಸ್ತುವಿಗಿಂತ ಅದರ ಮೇಲೆ ಬಿದ್ದ ಬೆಳಕೇ ಮುಖ್ಯವೆಂದು ನಂಬಿದವನು ಕ್ಲೋಡ್ ಮೋನೆ.

ಮೋನೆ ಹುಟ್ಟಿದುದು 1840ರ ನವೆಂಬರ್ 14ರಂದು, ಪ್ಯಾರಿಸ್ಸಿನಲ್ಲಿ. ಬೆಳೆದುದು ಲ ಹಾವ್ರ್ ಎಂಬ ಬಂದರು ಪಟ್ಟಣದಲ್ಲಿ. ಹುಡುಗನಾಗಿದ್ದಾಗಲೇ ಊರವರ ವ್ಯಂಗ್ಯಚಿತ್ರ ಬರೆದು ಹಣ ಗಳಿಸುತ್ತಿದ್ದ ಅವನನ್ನು ಬೂದೆನ್ ಎಂಬ ಹಿರಿಯ ಚಿತ್ರಕಾರನು ಬಯಲಿಗೆ ಕರೆದೊಯ್ದು, ಆಕಾಶವನ್ನೂ ಕಡಲನ್ನೂ ಎದುರಿಗಿಟ್ಟುಕೊಂಡು ಚಿತ್ರಿಸುವುದನ್ನು ಕಲಿಸಿದನು. ತವರದ ಕೊಳವೆಗಳಲ್ಲಿ ತುಂಬಿದ ಸಿದ್ಧ ಬಣ್ಣಗಳು ಆ ವೇಳೆಗೆ ಅಂಗಡಿಗಳಲ್ಲಿ ದೊರೆಯುತ್ತಿದ್ದುದರಿಂದ ಈ ಕೆಲಸ ಸುಲಭವಾಗಿತ್ತು.

ಸಲೋನ್ ಮೊದಮೊದಲು ಅವನ ಚಿತ್ರಗಳನ್ನು ಒಪ್ಪಿತು, ಬಳಿಕ ತಿರಸ್ಕರಿಸಿತು. 1874ರಲ್ಲಿ ಮೋನೆ, ರೆನ್ವಾರ್, ಪಿಸಾರೊ, ದೆಗಾ ಮೊದಲಾದವರು ತಮ್ಮದೇ ಪ್ರದರ್ಶನವನ್ನು ಏರ್ಪಡಿಸಿದರು. ಲ ಹಾವ್ರ್ ಬಂದರಿನ ಮಂಜಿನಲ್ಲಿ ಕೆಂಪು ಸೂರ್ಯನು ಮೂಡುವ ತನ್ನ ಚಿತ್ರಕ್ಕೆ ಮೋನೆ ‘ಇಂಪ್ರೆಷನ್’, ಎಂದರೆ ಕ್ಷಣಕಾಲ ಮನಸ್ಸಿಗೆ ತಟ್ಟಿದ ಛಾಯೆ, ಎಂಬ ಹೆಸರನ್ನು ಸೇರಿಸಿದ್ದನು. ವಿಮರ್ಶಕನೊಬ್ಬನು ಆ ಪದವನ್ನೇ ಹಿಡಿದು ಇಡೀ ಗುಂಪನ್ನು ಗೇಲಿಮಾಡಿದನು. ಗೇಲಿಯ ಮಾತೇ ಇಂಪ್ರೆಷನಿಸ್ಟ್ ಪಂಥದ ಹೆಸರಾಗಿ ನಿಂತುಬಿಟ್ಟಿತು.

ಹೆಸರು ಬಂದರೂ ಹಣ ಬರಲಿಲ್ಲ. ಸಾಲ ಬೆನ್ನಟ್ಟಿತ್ತು. 1879ರಲ್ಲಿ ಮಡದಿ ಕಮೀಲ್ ಎರಡು ಮಕ್ಕಳನ್ನು ಬಿಟ್ಟು ತೀರಿಕೊಂಡಳು. ಸತ್ತ ಮಡದಿಯ ಮುಖದ ಮೇಲೆ ನೀಲಿ, ಹಳದಿ, ಬೂದು ಛಾಯೆಗಳು ಒಂದೊಂದಾಗಿ ಬದಲಾಗುವುದನ್ನು ತನ್ನ ಕಣ್ಣು ತಾನಾಗಿಯೇ ಗುರುತಿಸುತ್ತಿದೆಯೆಂದು ಅರಿತು ಮೋನೆ ಬೆಚ್ಚಿದನು. ಆದರೂ ಆ ಮುಖವನ್ನು ಚಿತ್ರಿಸಿದನು. ಇದನ್ನು ಕಠಿಣ ಹೃದಯವೆನ್ನುವುದು ಅನ್ಯಾಯವಾದೀತು. ನೋಡುವುದನ್ನು ನಿಲ್ಲಿಸುವುದು ಆತನ ಕೈಯಲ್ಲಿರಲಿಲ್ಲ.

1883ರಲ್ಲಿ ಅವನು ಝಿವೆರ್ನಿ ಎಂಬ ಹಳ್ಳಿಯಲ್ಲಿ ನೆಲಸಿದನು. ಮನೆಯ ಬಳಿಯ ಹೊಲದ ಬಣವೆಗಳನ್ನು 1890–91ರಲ್ಲಿ ಇಪ್ಪತ್ತಕ್ಕೂ ಹೆಚ್ಚು ಸಲ ಚಿತ್ರಿಸಿದನು. ಹಲವು ಚಿತ್ರಪಟಗಳನ್ನು ಜೊತೆಗಿರಿಸಿಕೊಂಡು, ಬೆಳಕು ಬದಲಾದಂತೆ ಒಂದನ್ನು ಬಿಟ್ಟು ಮತ್ತೊಂದನ್ನು ಕೈಗೆತ್ತಿಕೊಳ್ಳುತ್ತಿದ್ದನು. ಬಣವೆ ಒಂದೇ, ಆದರೆ ಮುಂಜಾವಿನದು ಬೇರೆ, ಹಿಮ ಬಿದ್ದಾಗಿನದು ಬೇರೆ. ಈ ಮಾಲೆಯ ಒಂದು ಚಿತ್ರವನ್ನು 1896ರಲ್ಲಿ ಮಾಸ್ಕೋದಲ್ಲಿ ಕಂಡ ಕ್ಯಾಂಡಿನ್ಸ್ಕಿಗೆ ಅದು ಬಣವೆಯೆಂದೇ ಮೊದಲು ತಿಳಿಯಲಿಲ್ಲ. ಮುಂದೆ ಆತನೇ ಅಮೂರ್ತ ಕಲೆಯ ಪ್ರವರ್ತಕರಲ್ಲಿ ಒಬ್ಬನಾದನು.

ಬಾಳೆಲ್ಲ ಕಣ್ಣನ್ನೇ ನಂಬಿದ್ದವನಿಗೆ 1912ರಲ್ಲಿ ವೈದ್ಯರು ಕಣ್ಣಿನ ಪೊರೆಯನ್ನು ತೋರಿಸಿಕೊಟ್ಟರು. ಬಣ್ಣಗಳು ಮಬ್ಬಾದವು, ಕೊಳವೆಯ ಮೇಲಿನ ಹೆಸರನ್ನು ನೋಡಿ ಬಣ್ಣವನ್ನು ಆರಿಸಬೇಕಾಯಿತು. ಶಸ್ತ್ರಚಿಕಿತ್ಸೆಗೆ ಅಂಜಿ ಹನ್ನೊಂದು ವರ್ಷ ತಳ್ಳಿದನು. ಆ ಅವಧಿಯಲ್ಲಿಯೇ ತನ್ನ ಕೊಳದ ನೈದಿಲೆಗಳ ಬೃಹತ್ ಚಿತ್ರಗಳನ್ನು ಆರಂಭಿಸಿ, ಮಹಾಯುದ್ಧ ಮುಗಿದ 1918ರಲ್ಲಿ ಅವನ್ನು ದೇಶಕ್ಕೆ ಕೊಡುವುದಾಗಿ ಗೆಳೆಯನಾದ ಪ್ರಧಾನಿ ಕ್ಲೆಮೆನ್ಸೊಗೆ ಬರೆದನು. 1923ರಲ್ಲಿ ಬಲಗಣ್ಣಿನ ಶಸ್ತ್ರಚಿಕಿತ್ಸೆಯಾಯಿತು. ಆಮೇಲೂ ತಿದ್ದುವುದು ಮುಗಿಯಲಿಲ್ಲ; ಚಿತ್ರಗಳನ್ನು ಕೈಬಿಟ್ಟುಕೊಡಲು ಮನಸ್ಸು ಬರಲಿಲ್ಲ. 1926ರ ಡಿಸೆಂಬರ್ 5ರಂದು ಮೋನೆ ತೀರಿಕೊಂಡನು. ಮರುವರ್ಷದ ಮೇ ತಿಂಗಳಲ್ಲಿ ಪ್ಯಾರಿಸ್ಸಿನ ಒರಾಂಝರಿಯ ಎರಡು ಅಂಡಾಕಾರದ ಕೊಠಡಿಗಳಲ್ಲಿ ಆ ನೈದಿಲೆಗಳು ಜನರ ಕಣ್ಣಿಗೆ ಬಿದ್ದವು.