ಕೈಕಸುಬಿನಲ್ಲಿ ನಾಡಿನ ಚರಿತ್ರೆ ಕಂಡ ಮಂಗಳೂರಿನ ಮಗಳು: ಕಮಲಾದೇವಿ ಚಟ್ಟೋಪಾಧ್ಯಾಯ

ನಾಡಿನ ಚರಿತ್ರೆ ಎಂದ ಕೂಡಲೇ ನಮ್ಮ ಕಣ್ಣ ಮುಂದೆ ಬರುವುದು ಕೋಟೆ ಕೊತ್ತಲಗಳು, ಶಿಲಾಶಾಸನಗಳು, ರಾಜ ಮಹಾರಾಜರ ವಂಶಾವಳಿ. ಆದರೆ ಸೀರೆ ನೇಯ್ದವರು, ಮಡಕೆ ಮಾಡಿದವರು, ಮರ ಕೆತ್ತಿದವರು, ಬುಟ್ಟಿ ಹೆಣೆದವರು ಯಾವ ಶಾಸನವನ್ನೂ ಬರೆಸಲಿಲ್ಲ. ಅವರ ಚರಿತ್ರೆ ಇರುವುದು ಅವರ ಕೈಯಲ್ಲಿ. ಕೈ ನಿಂತ ದಿನ ಆ ಚರಿತ್ರೆಯೂ ನಿಂತು ಹೋಗುತ್ತದೆ. ಈ ಮಾತನ್ನು ದೇಶದಲ್ಲಿ ಎಲ್ಲರಿಗಿಂತ ಚೆನ್ನಾಗಿ ತಿಳಿದು, ಬದುಕಿನ ಕೊನೆಯ 40 ವರ್ಷಗಳನ್ನು ಅದಕ್ಕಾಗಿ ಸವೆಸಿದವರು ನಮ್ಮ ಕರಾವಳಿಯಲ್ಲೇ ಹುಟ್ಟಿದ ಕಮಲಾದೇವಿ ಚಟ್ಟೋಪಾಧ್ಯಾಯ.

ಬಾಲ್ಯ ಮತ್ತು ಮನೆತನ

ಕಮಲಾದೇವಿಯವರು 1903ರ ಏಪ್ರಿಲ್ 3ರಂದು ಮಂಗಳೂರಿನ ಸಾರಸ್ವತ ಕುಟುಂಬವೊಂದರಲ್ಲಿ ಜನಿಸಿದರು. ತಂದೆ ಅನಂತಯ್ಯ ಧಾರೇಶ್ವರ ಸರಕಾರದ ಉನ್ನತ ಅಧಿಕಾರಿ. ತಾಯಿ ಗಿರಿಜಾಬಾಯಿ ಓದು ಬರಹ ಬಲ್ಲ, ಸ್ವಂತ ವಿಚಾರವಿದ್ದ ಗೃಹಿಣಿ. ಗೋಪಾಲಕೃಷ್ಣ ಗೋಖಲೆ, ರಮಾಬಾಯಿ ರಾನಡೆ, ಆನಿ ಬೆಸೆಂಟ್ ಮುಂತಾದವರ ಪರಿಚಯ ಆ ಮನೆಗಿತ್ತು.

ಕಮಲಾದೇವಿಗೆ 7 ವರ್ಷವಾಗಿದ್ದಾಗ ತಂದೆ ತೀರಿಹೋದರು. ಅವರು ಉಯಿಲು ಬರೆದಿಟ್ಟಿರಲಿಲ್ಲ. ಅಂದಿನ ಕಾನೂನಿನಂತೆ ಆಸ್ತಿಯೆಲ್ಲ ಮೊದಲ ಹೆಂಡತಿಯ ಮಗನ ಪಾಲಾಯಿತು. ಗಿರಿಜಾಬಾಯಿಗೆ ಸಿಕ್ಕಿದ್ದು ತಿಂಗಳ ಜೀವನಾಂಶದ ಭರವಸೆ ಮಾತ್ರ. ಅವರು ಅದನ್ನೂ ಬೇಡವೆಂದರು. ತವರಿನಿಂದ ತಂದಿದ್ದ ಆಸ್ತಿಯ ಬಲದಲ್ಲೇ ಹೆಣ್ಣುಮಕ್ಕಳನ್ನು ಬೆಳೆಸಿದರು. ದುಡಿಮೆಗೆ ದಾರಿಯಿಲ್ಲದ, ಆಸ್ತಿಯಲ್ಲಿ ಹಕ್ಕಿಲ್ಲದ ಹೆಣ್ಣಿನ ಸ್ಥಿತಿ ಏನೆಂಬುದನ್ನು ಪುಟ್ಟ ಕಮಲೆ ಪುಸ್ತಕದಲ್ಲಿ ಓದಿ ತಿಳಿಯಬೇಕಾಗಿರಲಿಲ್ಲ.

1917ರಲ್ಲಿ, 14ರ ಪ್ರಾಯದಲ್ಲಿ ಅವರ ಮದುವೆಯಾಯಿತು. ಎರಡೇ ವರ್ಷಗಳಲ್ಲಿ ಪತಿ ತೀರಿಕೊಂಡರು. ಬಾಲವಿಧವೆ ಮನೆಯ ಮೂಲೆ ಸೇರುವುದೇ ರೂಢಿಯಾಗಿದ್ದ ಕಾಲ ಅದು. ಆದರೆ ಕಮಲಾದೇವಿ ಮದ್ರಾಸಿನ ಕ್ವೀನ್ ಮೇರೀಸ್ ಕಾಲೇಜಿಗೆ ಸೇರಿ ಓದು ಮುಂದುವರಿಸಿದರು. ಅಲ್ಲಿ ಸಹಪಾಠಿ ಸುಹಾಸಿನಿಯವರ ಮೂಲಕ ಆಕೆಯ ಅಣ್ಣ, ಕವಿ ಹರೀಂದ್ರನಾಥ ಚಟ್ಟೋಪಾಧ್ಯಾಯರ ಪರಿಚಯವಾಯಿತು. ಸರೋಜಿನಿ ನಾಯ್ಡು ಇವರಿಬ್ಬರ ಅಕ್ಕ. ಸಂಪ್ರದಾಯಸ್ಥರ ವಿರೋಧವನ್ನು ಲೆಕ್ಕಿಸದೆ ಕಮಲಾದೇವಿ ಮತ್ತು ಹರೀಂದ್ರನಾಥರು ವಿವಾಹವಾದರು. ಮಗ ರಾಮಕೃಷ್ಣ ಹುಟ್ಟಿದ. ಆದರೆ ಆ ದಾಂಪತ್ಯ ಉಳಿಯಲಿಲ್ಲ, ಮುಂದೆ ವಿಚ್ಛೇದನದಲ್ಲಿ ಕೊನೆಗೊಂಡಿತು.

ಮಹಿಳಾ ಸಂಘಟನೆಯ ಪಾಠಶಾಲೆ

ಐರ್ಲೆಂಡಿನಿಂದ ಬಂದು ಇಲ್ಲಿ ನೆಲೆಸಿದ್ದ ಮಾರ್ಗರೆಟ್ ಕಸಿನ್ಸ್ ಅವರ ಒತ್ತಾಸೆಯಿಂದ ಕಮಲಾದೇವಿ 1926ರಲ್ಲಿ ಮದ್ರಾಸ್ ಪ್ರಾಂತೀಯ ಶಾಸನಸಭೆಯ ಚುನಾವಣೆಗೆ ನಿಂತರು. ಪ್ರಚಾರಕ್ಕೆ ಸಿಕ್ಕಿದ್ದು ಕೆಲವೇ ದಿನಗಳು. ಬಹಳ ಸಣ್ಣ ಅಂತರದಿಂದ ಸೋತರು. ಆದರೆ ಶಾಸನಸಭೆಗೆ ಸ್ಪರ್ಧಿಸಿದ ದೇಶದ ಮೊದಲ ಮಹಿಳೆ ಎಂಬ ಹೆಸರು ಅವರದಾಯಿತು.

1927ರಲ್ಲಿ ಅಖಿಲ ಭಾರತ ಮಹಿಳಾ ಸಮ್ಮೇಳನ ಎಂಬ ಸಂಘಟನೆ ಹುಟ್ಟಿದಾಗ ಅದರ ಮೊದಲ ಸಂಘಟನಾ ಕಾರ್ಯದರ್ಶಿಯಾಗಿ ದುಡಿದವರು ಕಮಲಾದೇವಿ. ಊರೂರು ತಿರುಗಿ ಶಾಖೆಗಳನ್ನು ಕಟ್ಟಿದರು. ಹೆಣ್ಣುಮಕ್ಕಳ ಶಿಕ್ಷಣ, ಬಾಲ್ಯವಿವಾಹ ತಡೆ, ಆಸ್ತಿಹಕ್ಕು ಇವು ಚರ್ಚೆಯ ವಿಷಯಗಳಾದವು. ದೆಹಲಿಯಲ್ಲಿ 1932ರಲ್ಲಿ ಆರಂಭವಾದ ಲೇಡಿ ಇರ್ವಿನ್ ಕಾಲೇಜು ಈ ಸಂಘಟನೆಯ ಶ್ರಮದ ಫಲ. ನಿರ್ಣಯ ಮಂಡಿಸಿ ಚಹಾ ಕುಡಿದು ಮನೆಗೆ ಹೋಗುವ ಸಂಘ ಅವರಿಗೆ ಬೇಕಿರಲಿಲ್ಲ. ಸಭೆಯ ಮರುದಿನ ಯಾರು ಯಾವ ಕೆಲಸ ಮಾಡಬೇಕು ಎಂಬುದು ಅವರ ಚಿಂತೆ. ಈ ಅಭ್ಯಾಸವೇ ಮುಂದೆ ಕುಶಲಕರ್ಮಿಗಳನ್ನು ಸಂಘಟಿಸುವಾಗ ಅವರ ಕೈ ಹಿಡಿಯಿತು.

1930ರ ಉಪ್ಪಿನ ಸತ್ಯಾಗ್ರಹದಲ್ಲಿ ಮಹಿಳೆಯರಿಗೂ ಅವಕಾಶ ಬೇಕೆಂದು ಗಾಂಧೀಜಿಯವರನ್ನು ಒಪ್ಪಿಸಿದವರಲ್ಲಿ ಇವರು ಪ್ರಮುಖರು. ಬೊಂಬಾಯಿಯ ಕಡಲ ತೀರದಲ್ಲಿ ಅವಂತಿಕಾಬಾಯಿ ಗೋಖಲೆಯವರೊಂದಿಗೆ ಉಪ್ಪು ತಯಾರಿಸಿದರು. ಉಪ್ಪಿನ ಪೊಟ್ಟಣ ಮಾರಲು ಷೇರುಪೇಟೆಯ ಕಟ್ಟಡಕ್ಕೇ ಹೊರಟು ಬಂಧನಕ್ಕೊಳಗಾದರು, ಸೆರೆವಾಸ ಅನುಭವಿಸಿದರು. 1942ರ ಚಳವಳಿಯ ಕಾಲದಲ್ಲೂ ಜೈಲು ಕಂಡರು.

ಅಧಿಕಾರ ಬೇಡ, ಕೆಲಸ ಬೇಕು

ಸ್ವಾತಂತ್ರ್ಯ ಬಂದ ಮೇಲೆ ಅವರ ಜೊತೆಗಿದ್ದ ಎಷ್ಟೋ ಮಂದಿ ಮಂತ್ರಿಗಳಾದರು, ರಾಜ್ಯಪಾಲರಾದರು. ಕಮಲಾದೇವಿ ಆ ದಾರಿ ಹಿಡಿಯಲಿಲ್ಲ. ದೇಶ ವಿಭಜನೆಯಿಂದ ಮನೆಮಠ ಕಳೆದುಕೊಂಡು ದೆಹಲಿಯ ಸುತ್ತಮುತ್ತ ಶಿಬಿರಗಳಲ್ಲಿ ಬಿದ್ದಿದ್ದ ನಿರಾಶ್ರಿತರ ಕಡೆಗೆ ನಡೆದರು. 1948ರಲ್ಲಿ ಭಾರತೀಯ ಸಹಕಾರ ಒಕ್ಕೂಟವನ್ನು ಸ್ಥಾಪಿಸಿ, ಛತ್ತರಪುರದಲ್ಲಿ ಸಹಕಾರಿ ಬೇಸಾಯಕ್ಕೂ ಫರೀದಾಬಾದಿನಲ್ಲಿ ವಾಯವ್ಯ ಗಡಿ ಪ್ರಾಂತದಿಂದ ಬಂದವರಿಗಾಗಿ ಹೊಸ ಪಟ್ಟಣವೊಂದರ ನಿರ್ಮಾಣಕ್ಕೂ ಕೈಹಾಕಿದರು. ಸುಮಾರು 50,000 ಮಂದಿಗೆ ಅಲ್ಲಿ ನೆಲೆ ಸಿಕ್ಕಿತು. ನಿರಾಶ್ರಿತರಿಗೆ ಭಿಕ್ಷೆಯಲ್ಲ, ಉದ್ಯೋಗ ಬೇಕು ಎಂಬುದು ಅವರ ನಿಲುವು.

ಈ ಕೆಲಸದ ನಡುವೆಯೇ ಇನ್ನೊಂದು ನಷ್ಟ ಅವರ ಕಣ್ಣಿಗೆ ಬಿತ್ತು. ಊರು ಬಿಟ್ಟ ಕುಶಲಕರ್ಮಿ ಉಪಕರಣವನ್ನು ಮಾತ್ರವಲ್ಲ, ಗಿರಾಕಿಯನ್ನೂ ಕಚ್ಚಾ ಸಾಮಗ್ರಿಯನ್ನೂ ಕಳೆದುಕೊಂಡಿರುತ್ತಾನೆ. ಊರಲ್ಲೇ ಉಳಿದವರ ಪಾಡೂ ಸುಖದ್ದಾಗಿರಲಿಲ್ಲ. ಗಿರಣಿ ಬಟ್ಟೆ ಅಗ್ಗವಾಗಿ ಸಿಗುವಾಗ ಕೈಮಗ್ಗದ ಸೀರೆ ಕೊಳ್ಳುವವರು ಕಡಿಮೆಯಾದರು. ಅಲ್ಯೂಮಿನಿಯಂ ಪಾತ್ರೆ ಬಂದ ಮೇಲೆ ಕುಂಬಾರನ ಮನೆಗೆ ಹೋಗುವವರು ವಿರಳರಾದರು.

1952ರಲ್ಲಿ ಕೇಂದ್ರ ಸರಕಾರ ಅಖಿಲ ಭಾರತ ಕರಕುಶಲ ಮಂಡಳಿಯನ್ನು ರಚಿಸಿದಾಗ ಕಮಲಾದೇವಿ ಅದರ ಅಧ್ಯಕ್ಷರಾದರು. ದೆಹಲಿಯ ಕಚೇರಿಯಲ್ಲಿ ಕುಳಿತು ಕಡತ ನೋಡುವ ಅಧ್ಯಕ್ಷರು ಅವರಾಗಲಿಲ್ಲ. ಹಳ್ಳಿ ಹಳ್ಳಿಗೆ ಹೋಗಿ ಕಸುಬು ಬಲ್ಲ ಮುದುಕರನ್ನು ಹುಡುಕಿದರು. ಆಂಧ್ರದ ಶ್ರೀಕಾಳಹಸ್ತಿಯಲ್ಲಿ ನಂದಿ ಹೋಗುತ್ತಿದ್ದ ಕಲಂಕಾರಿ ಚಿತ್ರಕಲೆ ಮತ್ತು ಜೈಪುರದ ನೀಲಿ ಮಡಕೆ ಕೆಲಸ ಮರುಜೀವ ಪಡೆದುದರಲ್ಲಿ ಅವರ ಪಾತ್ರ ದೊಡ್ಡದು. ಬೆಂಗಳೂರು ಸೇರಿದಂತೆ ದೊಡ್ಡ ನಗರಗಳಲ್ಲಿ ಪ್ರಾದೇಶಿಕ ವಿನ್ಯಾಸ ಕೇಂದ್ರಗಳು ತೆರೆದವು. ನುರಿತ ಕುಶಲಕರ್ಮಿಗಳಿಗೆ ರಾಷ್ಟ್ರ ಪ್ರಶಸ್ತಿ ಕೊಡುವ ಪದ್ಧತಿ ಬಂತು. ದೆಹಲಿಯ ಕಾಟೇಜ್ ಇಂಡಸ್ಟ್ರೀಸ್ ಎಂಪೋರಿಯಂ ಅವರ ಸಹಕಾರ ಒಕ್ಕೂಟದ ಆಡಳಿತದಲ್ಲಿ ದೊಡ್ಡ ಮಾರಾಟ ಕೇಂದ್ರವಾಗಿ ಬೆಳೆಯಿತು. 1964ರಲ್ಲಿ ಸರಕಾರದ ಹೊರಗೆ ಭಾರತೀಯ ಕರಕುಶಲ ಪರಿಷತ್ತನ್ನೂ ಕಟ್ಟಿದರು.

ಉಳಿಸುವುದು ಎಂದರೇನು?

ಇಲ್ಲಿಯೇ ಅವರ ಬದುಕಿನ ಮುಖ್ಯ ಪಾಠವಿದೆ. ಹಳೆಯ ವಸ್ತುವನ್ನು ಗಾಜಿನ ಪೆಟ್ಟಿಗೆಯಲ್ಲಿಟ್ಟರೆ ವಸ್ತು ಉಳಿಯುತ್ತದೆ, ವಿದ್ಯೆ ಉಳಿಯುವುದಿಲ್ಲ. ನಮ್ಮ ಕಸೂತಿಯನ್ನೇ ನೋಡಿ. ಧಾರವಾಡ ಸೀಮೆಯ ಹೆಂಗಸರು ಬಟ್ಟೆಯ ಮೇಲೆ ನಕ್ಷೆ ಬರೆದುಕೊಳ್ಳದೆ, ಎಳೆ ಎಣಿಸುತ್ತ, ಗಂಟು ಹಾಕದೆ ಗೋಪುರ, ತೇರು, ಆನೆ ಅಂಬಾರಿಗಳನ್ನು ಹೊಲಿಯುತ್ತಾರೆ. ಗವಂತಿ, ಮುರ್ಗಿ ಹೊಲಿಗೆಗಳಲ್ಲಿ ಬಟ್ಟೆಯ ಎರಡೂ ಬದಿ ಒಂದೇ ತೆರನಾಗಿ ಕಾಣುತ್ತದೆ. ಬೀದರಿನಲ್ಲಿ ಸತುವು ತಾಮ್ರದ ಎರಕದ ಮೇಲೆ ಬೆಳ್ಳಿ ಕೂರಿಸಿ, ಕೋಟೆಯ ಮಣ್ಣಿನಿಂದ ಅದನ್ನು ಕಪ್ಪಾಗಿಸುತ್ತಾರೆ. ಚನ್ನಪಟ್ಟಣದಲ್ಲಿ ಹಾಲೆ ಮರವನ್ನು ಕಡೆದು ಅರಗಿನ ಬಣ್ಣ ಹಚ್ಚುತ್ತಾರೆ. ಇವು ತಾಯಿಯಿಂದ ಮಗಳಿಗೆ, ತಂದೆಯಿಂದ ಮಗನಿಗೆ ನೋಡಿ ಕಲಿತು ಬಂದ ವಿದ್ಯೆಗಳು. ಒಂದು ತಲೆಮಾರು ಕೈಬಿಟ್ಟರೆ ಮುಂದಿನವರಿಗೆ ಕಲಿಸುವವರೇ ಇರುವುದಿಲ್ಲ.

ಆದ್ದರಿಂದ ಮಾಡುವವನ ಹೊಟ್ಟೆ ತುಂಬಿದರೆ ಮಾತ್ರ ಕಸುಬು ಉಳಿಯುತ್ತದೆ ಎಂಬುದು ಕಮಲಾದೇವಿಯವರ ಖಚಿತ ಅಭಿಪ್ರಾಯವಾಗಿತ್ತು. ಸಹಕಾರ ಸಂಘ, ಮಾರಾಟ ಮಳಿಗೆ, ತರಬೇತಿ, ಪ್ರಶಸ್ತಿ ಎಲ್ಲವೂ ಇದೇ ಉದ್ದೇಶಕ್ಕೆ. ಜೊತೆಗೆ ಕಸೂತಿ, ನೆಲಹಾಸು, ಕರಕುಶಲ ಕಲೆಗಳ ಬಗ್ಗೆ ಪುಸ್ತಕಗಳನ್ನು ಬರೆದು, ಬರವಣಿಗೆಯಲ್ಲೇ ಇಲ್ಲದಿದ್ದ ಈ ಚರಿತ್ರೆಗೆ ದಾಖಲೆಯನ್ನೂ ಒದಗಿಸಿದರು. 1986ರಲ್ಲಿ ಅವರ ಆತ್ಮಕಥನ ಹೊರಬಂತು.

ಗೌರವಗಳು ತಾವಾಗಿ ಬಂದವು. 1955ರಲ್ಲಿ ಪದ್ಮಭೂಷಣ, 1966ರಲ್ಲಿ ರಾಮನ್ ಮ್ಯಾಗ್ಸೆಸೆ ಪ್ರಶಸ್ತಿ, 1987ರಲ್ಲಿ ಪದ್ಮವಿಭೂಷಣ ಸಂದವು. 1988ರ ಅಕ್ಟೋಬರ್ 29ರಂದು ಮುಂಬಯಿಯಲ್ಲಿ, 85ರ ವಯಸ್ಸಿನಲ್ಲಿ ಅವರು ನಿಧನರಾದರು.

ನಮ್ಮ ಪಾಲಿನ ಕೆಲಸ

ಅವರು ಮುನ್ನಡೆಸಿದ ಅಖಿಲ ಭಾರತ ಕರಕುಶಲ ಮಂಡಳಿಯನ್ನು ಕೇಂದ್ರ ಸರಕಾರ 2020ರ ಆಗಸ್ಟ್‌ನಲ್ಲಿ ರದ್ದುಪಡಿಸಿತು. ಸಂಸ್ಥೆಗಳು ಬರುತ್ತವೆ, ಹೋಗುತ್ತವೆ. ಆದರೆ ಕಸುಬಿನವರು ನಮ್ಮ ನೆರೆಯಲ್ಲೇ ಇದ್ದಾರೆ. ಕಿನ್ನಿಗೋಳಿ ಬಳಿಯ ತಾಳಿಪಾಡಿ ನೇಕಾರರ ಸಹಕಾರ ಸಂಘದಲ್ಲಿ ಉಡುಪಿ ಸೀರೆಯ ಮಗ್ಗದ ಸದ್ದು ಇನ್ನೂ ಕೇಳಿಸುತ್ತದೆ. ಒಂದು ಕಾಲಕ್ಕೆ ಕರಾವಳಿಯ ಎಷ್ಟೋ ಮನೆಗಳಲ್ಲಿ ಕೇಳಿಸುತ್ತಿದ್ದ ಸದ್ದು ಅದು. ಘಟ್ಟದ ಮೇಲೆ, ಹತ್ತಿ ಗಿರಣಿಗಳಿಗೆ ಹೆಸರಾಗಿದ್ದ ದಾವಣಗೆರೆಯಲ್ಲಿ ಆ ಹಳೆಯ ಗಿರಣಿಗಳೇ ಬಾಗಿಲು ಮುಚ್ಚಿದವು. ಕೈಮಗ್ಗವನ್ನು ಸೋಲಿಸಿದ ಯಂತ್ರಕ್ಕೂ ಶಾಶ್ವತ ಬದುಕು ಇರಲಿಲ್ಲ. ಆದರೆ ಕುಕ್ಕುವಾಡ, ಹರಿಹರದ ಆ ಬಯಲುಸೀಮೆಯ ಕಡೆ ಹಳೆ ಸೀರೆಗಳನ್ನು ಸೇರಿಸಿ ಕೌದಿ ಹೊಲಿಯಲು ಬಲ್ಲ ಅಜ್ಜಿಯ ಕೈಗೆ ಬೇಕಾದದ್ದು ಸೂಜಿ, ದಾರ, ಕಲಿಯಲು ಕುಳಿತ ಒಬ್ಬ ಮೊಮ್ಮಗಳು, ಅಷ್ಟೇ.

ಊರಿನ ಮಹಿಳಾ ಸಂಘಗಳು, ಸ್ವಸಹಾಯ ಗುಂಪುಗಳು ಈ ಕೆಲಸವನ್ನು ಇಂದೇ ಕೈಗೆತ್ತಿಕೊಳ್ಳಬಹುದು. ನಮ್ಮ ಊರಲ್ಲಿ ಚಾಪೆ ಹೆಣೆಯಬಲ್ಲವರು, ಬುಟ್ಟಿ ಕಟ್ಟಬಲ್ಲವರು, ಮಗ್ಗ ನಡೆಸಬಲ್ಲವರು ಯಾರಿದ್ದಾರೆ ಎಂದು ಒಂದು ಪಟ್ಟಿ ಮಾಡಿದರೂ ಸಾಕು. ಅವರ ಕೆಲಸವನ್ನು ಬರೆದಿಡಿ, ಚಿತ್ರ ತೆಗೆದಿಡಿ, ಇಬ್ಬರು ಮಕ್ಕಳನ್ನು ಕಲಿಯಲು ಕಳುಹಿಸಿ, ಹಬ್ಬಕ್ಕೆ ಬೇಕಾದ ಒಂದು ವಸ್ತುವನ್ನಾದರೂ ಚೌಕಾಸಿ ಮಾಡದೆ ಅವರಿಂದಲೇ ಕೊಳ್ಳಿ. ಮಂಗಳೂರಿನಲ್ಲಿ ಹುಟ್ಟಿದ ಈ ಮಹಾನ್ ಮಹಿಳೆಯ ಹೆಸರು ಅದೇ ಮಂಗಳೂರಿನ ಎಷ್ಟು ಮಕ್ಕಳಿಗೆ ಗೊತ್ತಿದೆ? ಅವರಿಗೆ ಆ ಹೆಸರು ಹೇಳಿಕೊಡುವುದರ ಜೊತೆಗೆ ಒಂದು ಕಸುಬನ್ನೂ ಕಲಿಸಿದರೆ, ಕಮಲಾದೇವಿಯವರಿಗೆ ಅದಕ್ಕಿಂತ ದೊಡ್ಡ ಸ್ಮಾರಕ ಬೇರೆ ಬೇಕಾಗಿಲ್ಲ.