ದಿವಾನ್ ಪೂರ್ಣಯ್ಯನವರು

ನಮ್ಮ ಹನೂರಿಗೆ ದೂರವಲ್ಲದ ಯಳಂದೂರನ್ನು 1807ರಲ್ಲಿ ಜಹಗೀರಾಗಿ ಹೊಂದಿದ ಪೂರ್ಣಯ್ಯನವರು ಹುಟ್ಟಿನಿಂದ ಐಶ್ವರ್ಯವಂತರಲ್ಲ. 1746ರಲ್ಲಿ ಜನಿಸಿದ ಇವರು ಚಿಕ್ಕ ಪ್ರಾಯದಲ್ಲಿಯೇ ತಂದೆಯನ್ನು ಕಳಕೊಂಡು, ವರ್ತಕನೊಬ್ಬನ ಅಂಗಡಿಯಲ್ಲಿ ಲೆಕ್ಕ ಬರೆಯುವದಕ್ಕೆ ಸೇರಿದರು. ಆ ಅಲ್ಪ ಕೆಲಸವನ್ನು ಹೀನವೆಂದೆಣಿಸದೆ ಚೊಕ್ಕವಾಗಿ ಮಾಡುತ್ತಾ, ಹಲವು ಭಾಷೆಗಳನ್ನೂ ಕಲಿತುಕೊಂಡರು. ಆ ಲೆಕ್ಕ, ಆ ಭಾಷೆಗಳೇ ಇವರನ್ನು ಹೈದರಾಲಿಯ ಸೇವೆಗೆ ತಂದವು. 1782ರಲ್ಲಿ ಹೈದರನು ಪಾಳೆಯದಲ್ಲಿ ಸತ್ತಾಗ, ಟಿಪ್ಪು ಬರುವ ತನಕ ಸುದ್ದಿಯನ್ನು ಮರೆಮಾಡಿ ಸೈನ್ಯವು ಚದರದಂತೆ ಕಾಪಾಡಿದವರಲ್ಲಿ ಇವರೂ ಒಬ್ಬರು. ಟಿಪ್ಪುವಿನ ಮರಣದ ತರುವಾಯ ಜಯಿಸಿದವರ ಪಕ್ಷಕ್ಕೆ ಸೇರಿದರೆಂದು ಇವರನ್ನು ದೂರುವವರೂ ಉಂಟು. 1799ರಿಂದ 1811ರ ವರೆಗೆ ಮೈಸೂರಿನ ದಿವಾನರಾಗಿದ್ದು, 1812ರಲ್ಲಿ ತೀರಿಹೋದರು.

ಪ್ರಿಯ ವಾಚಕರೇ, ಮೇಲಿನವರು ಕರೆಯಲಿ ಎಂದು ಬರಿದೇ ಕಾದುಕೊಂಡಿರುವ ನಾವು, ನಾಳಿನ ಕೆಲಸಕ್ಕೆ ಬೇಕಾದ ವಿದ್ಯೆಯನ್ನು ಇಂದು ಕಲಿಯುತ್ತೇವೋ? ಕರೆಯು ಬಂದ ದಿನ ಕಲಿಯುವದಕ್ಕೆ ಸಮಯವಿರದು.